ಮುಯ್ಯಾಳುಗಳ ಹಾಜರಿ ಪುಸ್ತಕ

ಮಧ್ಯಾಹ್ನದ ಬಸ್ಸಿಗೆ ಹನೂರಿನಿಂದ ವಾಪಸು ಬಂದ ಮಾದಸ್ವಾಮಿ ಕೈಕಾಲು ಕೂಡ ತೊಳೆಯದೆ ನಡುಮನೆಯ ಗೋಡೆಗೊರಗಿ ಕೂತುಬಿಟ್ಟ. ಹೆಂಡತಿ ಚಿಕ್ಕಬಸಮ್ಮ ಮುಂದೆ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಬಿಟ್ಟಳು. ಸಾರು ಆರಿ ತಣ್ಣಗಾದರೂ ಅವನ ಕೈ ತಟ್ಟೆಗೆ ಹೋಗಲಿಲ್ಲ.

"ಬಿಲ್ಲು ಯಾನಾಯ್ತು?" ಅಂದಳು.

"ತಡ್ದವ್ರೆ."

"ಯಾಕ? ಗೋಡೆ ಬಿರುಕು ಬುಟ್ಟದಾ?"

"ಗೋಡೆ ಚೆಂದಾಗದೆ ಅಂತ್ಲೇ ಬರ್ದವ್ರೆ. ಆದ್ರ ಅದ್ನ ಕಟ್ಟಿದೋರು ಯಾರು ಅಂತ ಕೇಳ್ತಾವ್ರೆ."

ಬಾಗಿಲಲ್ಲಿ ಕೂತು ಕರಣೆಗೆ ಅಂಟಿದ್ದ ಸಿಮೆಂಟು ಕೆರೆಯುತ್ತಿದ್ದ ಮಗ ಶಿವರಾಜು ಜೋರಾಗಿ ನಕ್ಕ. "ದೆವ್ವ ಬಂದು ಕಟ್ಬುಟ್ಟು ಓಯ್ತು ಅನ್ಬೇಕಾಗಿತ್ತು ಕಣಪ್ಪ."

"ನಗು ಕಣ್ಲಾ, ನಗು. ಮಾರ್ಚಿ ಮೂವತ್ತೊಂದರೊಳಗ ಕಾಗ್ದ ಕೊಡ್ನಿಲ್ಲ ಅಂದ್ರ ದುಡ್ಡು ಸರ್ಕಾರಕ್ಕೆ ವಾಪಸ್ಸಂತೆ. ಸಿಮೆಂಟಂಗ್ಡಿಯವ್ನು ಬಂದು ಈ ಬಾಗ್ಲಲ್ಲಿ ಕೂತಾಗ ನಗುವಂತೆ."

ಶಿವರಾಜುವಿನ ನಗು ಅಲ್ಲಿಗೇ ನಿಂತಿತು.

ಇಪ್ಪತ್ತೈದು ವರ್ಷ ಕಂಡವರ ಕೈಕೆಳಗೆ ಗಾರೆ ಕೆಲಸ ಮಾಡಿದ ಮಾದಸ್ವಾಮಿ ಹೋದ ವರ್ಷ ತನ್ನ ಹೆಸರಿಗೇ ನಾಲ್ಕನೇ ದರ್ಜೆಯ ಕಂಟ್ರಾಕ್ಟರ್ ಲೈಸೆನ್ಸು ಮಾಡಿಸಿಕೊಂಡಿದ್ದ. ಕೌದಳ್ಳಿಯ ಇವರ ಮನೆಯಿಂದ ಎರಡು ಮೈಲಿ ಒಳಗಿರುವ ಒಂದು ಸರ್ಕಾರಿ ಶಾಲೆಗೆ ಬಿಸಿಯೂಟದ ಅಡುಗೆ ಕೋಣೆ ಕಟ್ಟುವುದು ಅವನ ಮೊದಲ ಕೆಲಸ. ಅಂದಾಜಿಗಿಂತ ನೂರಕ್ಕೆ ಇಪ್ಪತ್ತೆರಡು ಕಡಿಮೆ ಬರೆದು ಟೆಂಡರು ಗೆದ್ದ. ದೊಡ್ಡ ಕಂಟ್ರಾಕ್ಟರುಗಳು ಗಾರೆಯವನಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ತಲೆಯೇನೂ ಕೆಟ್ಟಿರಲಿಲ್ಲ. ಅವನು ಕೂಲಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅಷ್ಟೆ. ಅವನ ಪ್ರಕಾರ ಕಟ್ಟುವ ಕೆಲಸ ಎಂದರೆ ಮುಯ್ಯಿ. ಇವತ್ತು ನಿನ್ನ ಮನೆಯ ಪಾಯಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಮನೆಯ ತಾರಸಿ ಮೋಲ್ಡಿಗೆ ನೀನು ಬಾ. ನಡುವೆ ಕಾಸಿನ ಮಾತಿಲ್ಲ, ಹೊಟ್ಟೆ ತುಂಬ ಊಟ. ಅವನ ನೆಂಟರಿಷ್ಟರಲ್ಲಿ ಗೋಡೆ ಎದ್ದದ್ದೆಲ್ಲ ಹೀಗೆಯೇ. ಮೊದಲ ಕಂಟ್ರಾಕ್ಟಿಗೂ ಹತ್ತು ಜನ ನೆಂಟರು ಬಂದು, ಇದೇ ಮನೆಯಲ್ಲಿ ಉಂಡು ಮಲಗಿ, ಅಡುಗೆ ಕೋಣೆಯನ್ನು ಎಬ್ಬಿಸಿ ಹೋಗಿದ್ದರು.

ಆ ಮುಯ್ಯಿಯ ಲೆಕ್ಕ ಚಿಕ್ಕಬಸಮ್ಮನದು. ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ದಿನಕ್ಕೊಂದು ಗೀಟು ಎಳೆದಿದ್ದಳು. ಮೇಲಿನ ಸಾಲು ಕುಂತೂರಿನಲ್ಲಿರುವ ಅವಳ ಅಣ್ಣ ದೊಡ್ಡಮಾದಪ್ಪನದು, ಹದಿನಾಲ್ಕು ಗೀಟು. ಅದರ ಕೆಳಗಿನದು ಮಾಂಬಳ್ಳಿಯಲ್ಲಿರುವ ಮಾದಸ್ವಾಮಿಯ ಅಕ್ಕ ಪುಟ್ಟಮಾದಮ್ಮನದು, ಒಂಬತ್ತು ಗೀಟು. ಅರವತ್ತು ದಾಟಿದ ಆ ವಿಧವೆ ಒಂಬತ್ತು ದಿನವೂ ನೀರು ಹೊತ್ತು, ಜಲ್ಲಿ ಹೊತ್ತು, ಸಂಜೆ ಬಂದು ಎಲ್ಲರಿಗೂ ಮುದ್ದೆ ತೊಳಸಿದ್ದಳು. ಒಬ್ಬರ ಮುಯ್ಯಿ ತೀರಿದಂತೆಲ್ಲ ಅವರ ಗೀಟನ್ನು ಚಿಕ್ಕಬಸಮ್ಮ ಒದ್ದೆ ಬಟ್ಟೆಯಲ್ಲಿ ಒರೆಸುವಳು. ಮೂವತ್ತು ವರ್ಷದಲ್ಲಿ ಆ ಬಾಗಿಲ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ.

ಮಾರನೆಯ ದಿನ ಅಪ್ಪ, ಮಗ, ಸೊಸೆ ಮೂವರೂ ಬಿಲ್ಲು ತಡೆದಿದ್ದ ಹನೂರಿನ ಕಚೇರಿಗೆ ಹೋದರು. ಸೊಸೆ ರತ್ನ ಪಿಯುಸಿ ಓದಿದವಳು. ಫೈಲು ಅವಳ ಕೈಯಲ್ಲಿತ್ತು. ಎಂಟನೇ ಕ್ಲಾಸಿಗೆ ಬಿಟ್ಟ ಶಿವರಾಜುವಿಗೆ ಆ ಫೈಲಿನ ಇಂಗ್ಲಿಷ್ ಹಾಳೆಗಳನ್ನು ಕಂಡರೆ ಮೈ ಉರಿಯುತ್ತಿತ್ತು.

ಲೆಕ್ಕಪತ್ರ ನೋಡುವ ನಿರಂಜನ್ ಒಂದೊಂದೇ ಹಾಳೆ ತಿರುವಿದ. "ಸಿಮೆಂಟಿನ ಬಿಲ್ ಇದೆ. ಜಲ್ಲಿ ಪರ್ಮಿಟ್ ಇದೆ. ಜಿಎಸ್‌ಟಿ ತಿಂಗಳಿಗೆ ತಿಂಗಳು ಕಟ್ಟಿದ್ದೀರಿ. ಯಾರಮ್ಮ ಫೈಲ್ ಇಟ್ಟಿದ್ದು, ನೀವಾ? ಬಹಳ ನೀಟಾಗಿದೆ. ಆದ್ರೆ ಕೂಲಿ ಹಾಜರಿ ಪುಸ್ತಕ ಎಲ್ಲಿ? ಪಿಎಫ್ ಕಟ್ಟಿದ ಚಲನ್ ಎಲ್ಲಿ?"

"ಕೂಲಿ ಕೊಟ್ಟಿಲ್ಲ ಸಾ," ಅಂದ ಮಾದಸ್ವಾಮಿ. "ನೆಂಟ್ರು ಬಂದ್ರು. ಮುಯ್ಯಾಳು."

ನಿರಂಜನ್ ಆಚೀಚೆ ನೋಡಿದ. "ಮೆತ್ತಗೆ ಹೇಳ್ರಿ! ಸರ್ಕಾರಿ ಕೆಲಸಕ್ಕೆ ಕೂಲಿ ಕೊಡದೆ ಜನಾನ ದುಡಿಸಿದ್ದೀನಿ ಅಂತ ನಿಮ್ ಬಾಯಲ್ಲೇ ಹೇಳ್ತಿದ್ದೀರಲ್ಲ. ಆಡಿಟ್‌ನವರು ಕೇಳಿಸ್ಕೊಂಡ್ರೆ ಜೀತ ಅಂತ ಬರೀತಾರೆ."

ಮಾದಸ್ವಾಮಿಯ ಮುಖ ಕಪ್ಪಿಟ್ಟಿತು. ಶಿವರಾಜು ಮೇಜಿನ ಮೇಲೆ ಎರಡೂ ಕೈ ಊರಿದ.

"ಸಾ, ನಮ್ಮಜ್ಜ ಜೀತಕ್ಕಿದ್ದೋರು. ಜೀತ ಅಂದ್ರ ಯಾನ ಅಂತ ನೀವು ನಮ್ಗ ಏಳ್ಕೊಡ್ಬೇಡಿ."

ರತ್ನ ಅವನ ತೋಳನ್ನು ಚಿವುಟಿ ಹಿಂದಕ್ಕೆಳೆದಳು. ನಿರಂಜನ್ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಶಿವರಾಜುವಿಗೆ ಎಷ್ಟೋ ವಾಸಿಯಾಗಿರುತ್ತಿತ್ತು. "ನೋಡಪ್ಪ, ನಾನೇ ಹೋಗಿ ಆ ರೂಮ್ ನೋಡಿದೀನಿ. ಇಷ್ಟು ಚೆನ್ನಾಗಿ ಯಾರೂ ಕಟ್ಟಲ್ಲ. ಆದ್ರೆ ಆಳಿಲ್ಲದ ಕಟ್ಟಡಕ್ಕೆ ನಾನು ಸೈನ್ ಹಾಕಿದ್ರೆ ನನ್ ಕೆಲಸ ಹೋಗುತ್ತೆ," ಅಂದು ಫೈಲು ವಾಪಸು ಕೊಟ್ಟ.

ಬಯ್ಯುವುದಕ್ಕೂ ಒಬ್ಬ ಕೆಟ್ಟವನು ಸಿಗಲಿಲ್ಲ.

ಅಲ್ಲಿಂದ ನೇರ ಕೊಳ್ಳೇಗಾಲಕ್ಕೆ. ಕಂಟ್ರಾಕ್ಟರುಗಳಿಗೆ ಟ್ಯಾಕ್ಸು, ಪಿಎಫ್ ಮಾಡಿಕೊಡುವ ಬಸವೇಶ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕೂರುತ್ತಿದ್ದ. ಪೂರ್ತಿ ಕೇಳುವ ಮೊದಲೇ ಅವನಿಗೆ ಅರ್ಥವಾಯಿತು.

"ಹತ್ತು ಜನದ ಆಧಾರ್ ಜೆರಾಕ್ಸ್ ತನ್ನಿ. ಅವರ ಫೋನಿಗೆ ಬರೋ ಓಟಿಪಿ ಹೇಳಿ. ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಹಾಕಿಸಿ. ಎರಡು ತಿಂಗಳ ಪಿಎಫ್, ದಂಡ, ಬಡ್ಡಿ ಎಲ್ಲ ಸೇರಿಸಿ ಕಟ್ಟಿಬಿಡಣ. ಎಲ್ಲರೂ ಹಿಂಗೇ ಮಾಡೋದು ಸ್ವಾಮಿ, ನೀವೇನು ಹೊಸಬರಲ್ಲ."

"ನಾವು ಹೊಸಬರೇ," ಅಂದಳು ರತ್ನ.

"ಅದಕ್ಕೇ ಈ ಪಾಡು," ಅಂದ ಬಸವೇಶ.

ಅವತ್ತಿನ ಊಟದ ಹೊತ್ತಿಗೆ ಮನೆಯಲ್ಲಿ ಜಗಳ ಹತ್ತಿಕೊಂಡಿತು. ಶುರು ಮಾಡಿದವಳು ಚಿಕ್ಕಬಸಮ್ಮ.

"ಮುಯ್ಗ ಬಂದೋರ್ನ ಕೂಲಿಯೋರು ಅಂತ ಬರೀತೀರಾ? ನಾಳಿಕ ಅವ್ರ ಮೊಕ ಎಂಗ ನೋಡದು? ನಮ್ಮತ್ಗೆ ಪುಟ್ಟಮಾದಮ್ಮ ಕೂಲಿಗ ಬಂದಿದ್ದಳಾ? ತಮ್ಮ ಅಂತ ಬಂದಿದ್ದು!"

"ಬರಿಯೋದು ಬರೀ ಕಾಗ್ದದ ಮ್ಯಾಲೆ ಕಣಮ್ಮಿ," ಅಂದ ಮಾದಸ್ವಾಮಿ.

"ಕಾಗ್ದದ ಮ್ಯಾಲೆ ಬರಿಯೋದು ಸುಳ್ಳಾದ್ರ ನಿಜ ಯಾವ್ದು?"

"ಅದ್ನ ಆ ನಿರಂಜನ್‌ನ ಕೇಳೋಗು!"

ರತ್ನ ಮಾವನ ತಟ್ಟೆಗೆ ಉಪ್ಪು ಹಾಕುತ್ತ ಹೇಳಿದಳು. "ಬರೀರಿ ಮಾವ, ಬರೀಬೇಡಿ ಅನ್ನಲ್ಲ. ಆದ್ರ ಯಾತಕ್ಕೆ ಅಂತ ಅವ್ರಿಗ ಬುಡಿಸಿ ಏಳಿ ಕಾರ್ಡು ಈಸ್ಕಳಿ."

"ಏಳುದ್ರ ನಮ್ ಕೂಲಿ ಎಲ್ಲಿ ಅಂತಾರ. ಹತ್ತು ಜನಕ್ಕ ಕೂಲಿ ಕೊಡೋದಾದ್ರ ಬಿಲ್ಲೆಲ್ಲ ಕೂಲಿಗೇ ಓಯ್ತದೆ. ಸಿಮೆಂಟಂಗ್ಡಿಗ ಯಾನ ಕೊಡ್ಲವ್ವ, ನಿನ್ ಗಂಡನ್ನ ಕೊಡ್ಲಾ?"

"ಕೊಟ್ಬುಡಿ," ಅಂದಳು ರತ್ನ.

ಶಿವರಾಜು ತಟ್ಟೆಯನ್ನು ಮುಂದಕ್ಕೆ ತಳ್ಳಿದ. "ಬಿಲ್ಲೇ ಬ್ಯಾಡ. ಅವ್ರ ದುಡ್ಡು ಅವ್ರೇ ಮಡಿಕಳ್ಲಿ. ನಾಳೆ ಓಗಿ ಆ ಗೋಡೆಯೆಲ್ಲ ಒಡ್ದಾಕ್ಬುಟ್ಟು ಬತ್ತೀನಿ. ಕಟ್ಟಿದೋರೇ ಇಲ್ಲ ಅಂದ್ಮ್ಯಾಲ ಕೆಡವಿದೋರೂ ಇಲ್ಲ!"

"ಓಗು, ಒಡಿ. ನಿನ್ ಹೆಂಡ್ರು ಸರ ಬ್ಯಾಂಕ್ನಾಗದೆ, ಅದ್ನೂ ಒಡ್ದು ತಕಂಡು ಬಾ," ಅಂದ ಮಾದಸ್ವಾಮಿ.

ರತ್ನಳ ಕೈ ತಾನಾಗಿ ಕತ್ತಿಗೆ ಹೋಯಿತು. ಅಲ್ಲಿ ಅರಿಶಿನದ ದಾರವಿತ್ತು. ಟೆಂಡರಿಗೆ ಮುಂಗಡ ಠೇವಣಿ ಕಟ್ಟಲು ಅವಳ ಸರ ಅಡವಿಗೆ ಹೋಗಿ ಆರು ತಿಂಗಳಾಗಿತ್ತು. ಶಿವರಾಜು ಅದನ್ನು ನೋಡಿದ. ತಟ್ಟೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು ಉಂಡ.

ಮಾರ್ಚಿಯ ಎರಡನೇ ವಾರ ಅವನೇ ಬೈಕು ಹತ್ತಿದ. ಊರೂರು ತಿರುಗಿ ಜೆರಾಕ್ಸು, ಹೆಬ್ಬೆಟ್ಟು ಕೂಡಿಸಿದ. ಕೇಳಿದವರಿಗೆ "ಕೆಲ್ಸಕ್ಕೆ ಬಂದಿದ್ರಿ ಅನ್ನಕ್ಕೆ ಒಂದು ರುಜುವಾತು" ಅಂದ. ಸುಳ್ಳಲ್ಲ. ಆದರೆ ಹೇಳುವಾಗಲೆಲ್ಲ ಬಾಯಿ ಕಹಿಯಾಗುತ್ತಿತ್ತು. ಕೊನೆಗೆ ಮಾಂಬಳ್ಳಿ.

ಪುಟ್ಟಮಾದಮ್ಮ ಕೊಟ್ಟಿಗೆಯ ಬಿದ್ದ ಗೋಡೆಯ ಮಣ್ಣನ್ನು ಬಾಣಲಿಗೆ ತುಂಬುತ್ತಿದ್ದಳು. "ಬಾ ಕಣ್ಲಾ ಮಗ. ಈ ಗೋಡೆ ನೋಡು, ಓದ ಮಳೇಲಿ ಕೂತ್ಕತ್ತು. ಅಪ್ಪಂಗೇಳು, ಯುಗಾದಿ ಕಳೀತಿದ್ದಂಗೆ ನಂಗ ಮುಯ್ಗ ಬರ್ಬೇಕು ನೀವು. ಒಂಬತ್ತು ದಿನ ಅದೆ ನಂದು, ಮರ್ತಿಲ್ಲ."

"ನಾನೇ ಬತ್ತೀನಿ ಅತ್ತೆ. ಮೂರೇ ದಿನಕ್ಕ ಎಬ್ಬುಸ್ಬುಡ್ತೀನಿ."

"ಆರು ದಿನ ಉಳೀತದಲ್ಲ, ಅದ್ರಲ್ಲಿ ಒಲೆನೂ ಆಕ್ಕೊಡು."

ಆಧಾರ್ ಕಾರ್ಡು ಕೇಳಿದಾಗ ಅವಳು ಯಾಕೆಂದು ಕೇಳಲಿಲ್ಲ. ಪೆಟ್ಟಿಗೆಯಿಂದ ತೆಗೆದು ಸೆರಗಲ್ಲಿ ಒರೆಸಿ ಕೊಟ್ಟಳು. ಶಿವರಾಜು ಬಸವೇಶನಿಗೆ ಫೋನು ಮಾಡಿ ಕಾರ್ಡಿನ ನಂಬರು ಹೇಳುತ್ತಿದ್ದಂತೆ ಅವಳ ಪುಟ್ಟ ಫೋನು ಟಿಣ್ ಎಂದಿತು.

"ಯಾರ್ಲಾ ಅದು?"

"ಯಾರೂ ಇಲ್ಲ ಅತ್ತೆ, ಮೆಸೇಜು," ಅಂದು ಶಿವರಾಜು ಆರು ಅಂಕಿಗಳನ್ನು ಕೊಳ್ಳೇಗಾಲಕ್ಕೆ ಓದಿ ಹೇಳಿದ. ಹೆಬ್ಬೆಟ್ಟು ಒತ್ತಿಸುವಾಗ ಅವಳ ಬೆರಳು ಸವೆದು ಗೆರೆಯೇ ಮೂಡಲಿಲ್ಲ. ಮೂರು ಸಲ ಒತ್ತಿಸಿದ.

"ಬಿಲ್ಲು ಬತ್ತದಾ ಇದ್ರಿಂದ?" ಅಂದಳು.

"ಬತ್ತದೆ."

"ಹಂಗಾರ ಇನ್ನೊಂದ್ಸಲ ಒತ್ತುಸ್ಕೊ."

ಮೂವತ್ತನೇ ತಾರೀಕು ಬಿಲ್ಲು ಬಂತು. ಜಿಎಸ್‌ಟಿ ಹಿಡಿದು, ಟಿಡಿಎಸ್ ಹಿಡಿದು, ಕಾರ್ಮಿಕ ಸೆಸ್ ಹಿಡಿದು, ಕಟ್ಟಡ ಬಿದ್ದರೆ ಇರಲಿ ಎಂದು ಭದ್ರತಾ ಠೇವಣಿ ಹಿಡಿದು ಉಳಿದದ್ದು ಬಂತು. ಸಿಮೆಂಟಿನ ಅಂಗಡಿಗೂ ಬಸವೇಶನಿಗೂ ಸರಿಹೋಯಿತು. ರತ್ನಳ ಕತ್ತಿನಲ್ಲಿ ಅರಿಶಿನದ ದಾರ ಹಾಗೇ ಉಳಿಯಿತು.

ಆಮೇಲಿನ ವಾರ ಕುಂತೂರಿನಿಂದ ದೊಡ್ಡಮಾದಪ್ಪ ಬಂದ. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು ಭಾವನ ಮುಂದೆ ಫೋನು ಹಿಡಿದ.

"ಪಿಎಫ್ ಅಂತೆ, ನನ್ ಎಸ್ರಲ್ಲಿ! ಸಕ್ರೆ ಫ್ಯಾಕ್ಟ್ರಿ ಕಬ್ಬಿನ ಆಫೀಸ್ನೋರ ತಾವ ಓದುಸ್ದೆ. ನಂಗ ಹದಿನಾಕು ದಿನದ ಸಂಬ್ಳ ಕೊಟ್ಟಿದ್ದೀಯಂತೆ. ಎಲ್ಲಿ ಭಾವ?"

"ಅದು ಬರೀ ಬರವಣ್ಗೆ ಕಣೋ..."

"ಬರವಣ್ಗೆ ಮಾಡ್ದೋನು ನೀನು. ದುಡ್ಡು ತಿಂದೋನು ನೀನು. ಹೆಬ್ಬೆಟ್ಟು ಮಾತ್ರ ನಂದಾ?"

"ಅಣ್ಣಯ್ಯ, ಒಳಕ್ ಬಾ, ಉಂಡು ಮಾತಾಡು," ಅಂದಳು ಚಿಕ್ಕಬಸಮ್ಮ.

"ಉಂಡಿದ್ದೀನಿ ಕಣವ್ವ ಹದಿನಾಕು ದಿನ. ಆ ಊಟಕ್ಕೂ ಸಂಬ್ಳದಲ್ಲಿ ಮುರ್ಕಂಡಿದ್ದೀರೋ ಏನೋ!"

ಶಿವರಾಜು ರೇಗಿ ಮುಂದೆ ಬಂದ. ಆದರೆ ಮಾವ ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ. ಮುಷ್ಟಿ ಬಿಗಿದುಕೊಂಡು ಮಾವ ಬೀದಿಯ ತಿರುವು ದಾಟುವವರೆಗೂ ನಿಂತಿದ್ದ. ಒಳಗೆ ಚಿಕ್ಕಬಸಮ್ಮ ಬಾಗಿಲ ಹಿಂದಿನ ಹದಿನಾಲ್ಕು ಗೀಟಿನ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಒರೆಸುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ.

ಏಪ್ರಿಲ್ ಕೊನೆಗೆ ಪುಟ್ಟಮಾದಮ್ಮನ ಫೋನು ಬಂತು. ದನಿಯಲ್ಲಿ ಕೋಪವಿರಲಿಲ್ಲ, ಗಾಬರಿ ಮಾತ್ರ.

"ಲೇ ಶಿವರಾಜು, ಈ ತಿಂಗ್ಳು ನನ್ ಪಿಂಚಣಿ ಬರ್ನಿಲ್ಲ ಕಣ್ಲಾ. ಯಳಂದೂರು ತಾಲ್ಲೂಕಾಪೀಸ್ಗ ನಾನೇ ಓಗಿದ್ದಿ. ನಿಮ್ಗೆ ಸಂಬ್ಳದ ಕೆಲ್ಸ ಅದೆ ಅಂತ ಕಂಪ್ಯೂಟ್ರು ತೋರುಸ್ತದೆ ಅಜ್ಜಿ, ವಿಧವಾ ವೇತನ ನಿಲ್ಸವ್ರೆ ಅಂತಾರೆ. ನಂಗ್ಯಾವ ಕೆಲ್ಸ ಅದೆ? ನೀನು ವಸಿ ಬಂದು ಕೇಳು, ನಿಂಗ ಓದಕ್ಕೆ ಬತ್ತದೆ."

ಶಿವರಾಜು ಫೋನಿಟ್ಟವನೇ ರತ್ನಳನ್ನು ಕೂಗಿ ಬೈಕು ಹೊರಗೆ ತಳ್ಳಿದ.

ಅವನೂ ರತ್ನಳೂ ಯಳಂದೂರಿಗೆ ಹೋದರು. ಕಿಟಕಿಯಾಚೆಯ ಹೆಂಗಸು ಸೌಜನ್ಯವಾಗಿಯೇ ಹೇಳಿದಳು: "ಕೆಲಸ ಕೊಟ್ಟವರಿಂದ ಲೆಟರ್ ತನ್ನಿ, ಇವರು ನಮ್ಮಲ್ಲಿ ಕೆಲಸ ಮಾಡ್ತಿಲ್ಲ ಅಂತ." ಕೊಳ್ಳೇಗಾಲಕ್ಕೆ ಹೋದರು. ಬಸವೇಶ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಕೆಲಸ ಬಿಟ್ಟರು ಅಂತ ಹಾಕಬಹುದು. ಅದು ಕಂಪ್ಯೂಟರ್‌ಗೆ ಏರೋಕೆ ಎರಡು ತಿಂಗಳು. ಆಮೇಲೆ ಅವರು ಪಿಂಚಣಿಗೆ ಹೊಸದಾಗಿ ಅರ್ಜಿ ಕೊಡಬೇಕು. ಹೆಬ್ಬೆಟ್ಟು ಮಿಷನ್ ತಗೊಳ್ಳತ್ತಾ ಅವರದ್ದು?"

"ಇಲ್ಲ," ಅಂದ ಶಿವರಾಜು. "ಸವೆದೋಗದೆ."

"ಹಂಗಾದ್ರೆ ಕಷ್ಟ."

"ಅವಳ ಎಸ್ರೇ ತಗ್ದಾಕಿ ಸಾ. ಅವ್ಳು ಕೂಲಿನೇ ಈಸ್ಕಂಡಿಲ್ಲ."

"ಹೆಸರು ತೆಗೆದ್ರೆ ಹಾಜರಿ ಪುಸ್ತಕ ಸುಳ್ಳು ಅಂತ ನೀವೇ ಬರಕೊಟ್ಟ ಹಾಗೆ. ಬಿಲ್ಲು ವಾಪಸ್ ಕಟ್ಟಬೇಕು, ಲೈಸೆನ್ಸ್ ಹೋಗುತ್ತೆ, ನಿಮ್ಮಪ್ಪನ ಮೇಲೆ ಕೇಸು. ಕಟ್ಟಕ್ಕೆ ದುಡ್ಡಿದೆಯಾ?"

ಶಿವರಾಜು ಮೇಜಿನ ಮೇಲಿದ್ದ ಪೇಪರುಗಳನ್ನೆಲ್ಲ ಕೈಯಿಂದ ಬಾಚಿ ನೆಲಕ್ಕೆ ಬೀಳಿಸಿದ. ರತ್ನ ಬಗ್ಗಿ ಒಂದೊಂದೇ ಹಾಳೆ ಆಯತೊಡಗಿದಳು. ಕೊನೆಗೆ ಶಿವರಾಜುವೂ ಕೂತು ಆಯ್ದ.

ಮನೆಗೆ ಬಂದು ರತ್ನ ಬಿಳಿ ಹಾಳೆ ಹರವಿಕೊಂಡಳು. "ಕೆಲ್ಸ ಮಾಡಿಲ್ಲ ಅಂತ ಬರೀಲಾ? ಮಾಡವ್ರೆ. ಕೂಲಿ ಕೊಟ್ಟಿದ್ದೀವಿ ಅಂತ ಬರೀಲಾ? ಕೊಟ್ಟಿಲ್ಲ. ಯಾನ ಬರೀಲಿ ಮಾವ?"

ಮಾದಸ್ವಾಮಿ ಗೋಡೆ ಕಡೆ ಮುಖ ತಿರುಗಿಸಿದ. "ಬಸವೇಶ ಏಳ್ದಂಗ ಬರಿ."

"ಪುಟ್ಟಮಾದಮ್ಮ ಎಂಬುವವರು ನಮ್ಮಲ್ಲಿ ಕೆಲಸ ಬಿಟ್ಟಿರುತ್ತಾರೆ" ಎಂದು ರತ್ನ ಬರೆದಳು. ಮಾದಸ್ವಾಮಿ ಅಕ್ಕನ ಹೆಸರಿನ ಕೆಳಗೆ ಸಹಿ ಮಾಡಿದ. ಆವತ್ತು ಯಾರೂ ಒಲೆ ಹಚ್ಚಲಿಲ್ಲ.

ಮೇ ತಿಂಗಳ ಮೊದಲ ಸೋಮವಾರ ಶಿವರಾಜು ಕರಣೆ, ತೂಗುಗುಂಡು, ಮಟ್ಟಗೋಲು ಎಲ್ಲ ಚೀಲಕ್ಕೆ ಹಾಕಿಕೊಂಡು ಮಾಂಬಳ್ಳಿಗೆ ಹೊರಟ. ಚಿಕ್ಕಬಸಮ್ಮ ಒಂದು ಸೇರು ಅವರೆಬೇಳೆ ಕಟ್ಟಿಕೊಟ್ಟಳು. "ಒಂಬತ್ತು ದಿನಾನೂ ಇದ್ದು ಮುಗ್ಸ್ಕಂಡೇ ಬಾ," ಅಂದಳು.

ಹೋಗಿ ನೋಡಿದರೆ ಕೊಟ್ಟಿಗೆಯ ಗೋಡೆ ಆಗಲೇ ಸೊಂಟದೆತ್ತರ ಬಂದಿತ್ತು. ಗೊತ್ತಿಲ್ಲದ ಇಬ್ಬರು ಕೂಲಿಯವರು ಇಟ್ಟಿಗೆ ಜೋಡಿಸುತ್ತಿದ್ದರು. ಹಿತ್ತಲಲ್ಲಿ ಎರಡು ಮೇಕೆ ಕಟ್ಟುತ್ತಿದ್ದ ಗೂಟದಲ್ಲಿ ಬರಿ ಹಗ್ಗವಿತ್ತು.

"ಅತ್ತೆ, ನಾನ್ ಬತ್ತೀನಿ ಅಂದಿದ್ನಲ್ಲ."

"ಬಾ ಮಗ, ಬಾ. ಕೂತ್ಕೊ." ಪುಟ್ಟಮಾದಮ್ಮ ಜಗುಲಿಗೆ ಚಾಪೆ ಹಾಸಿದಳು. ಇಷ್ಟು ವರ್ಷದಲ್ಲಿ ಅವನಿಗೆಂದೂ ಆ ಮನೆಯಲ್ಲಿ ಚಾಪೆ ಹಾಸಿರಲಿಲ್ಲ. ಚೊಂಬಿನಲ್ಲಿ ನೀರು ತಂದು ಕೊಟ್ಟಳು.

"ಇವ್ರ್ನ ಕಳ್ಸಿ ಅತ್ತೆ. ಇನ್ನು ನಾನು ಕಟ್ತೀನಿ."

"ಯಾಕ್ಲಾ? ಮುಯ್ಯಿ ತೀರೋಯ್ತಲ್ಲ. ನಂಗ ಒಂಬತ್ತು ದಿನದ ಕೂಲಿ ಸಂದದೆ. ಸರ್ಕಾರ್ದಲ್ಲೇ ಬರ್ದವ್ರೆ, ಯಳಂದೂರು ಆಪೀಸಿನ ಹುಡ್ಗಿ ಓದಿ ಏಳುದ್ಲು. ಕೂಲಿ ಈಸ್ಕಂಡೋಳು ಮುಯ್ಯಿ ಎಂಗ ಕೇಳದು? ನಾಕು ಜನ ಉಗಿಯಲ್ವಾ?"

"ಅತ್ತೆ, ಬಯ್ಯಿ. ಎರಡೇಟು ಒಡಿ ಬೇಕಾರ."

"ನಿನ್ಯಾಕ ಬಯ್ಯಲಿ ಕೂಸೇ. ನೀನೇನ್ ಮಾಡ್ದೆ? ಅಪ್ಪ ಚೆಂದಾಗವ್ನಾ?"

ಅವಳು ಒಳಗೆ ಹೋದಳು. ಶಿವರಾಜು ಎದ್ದು ಗೋಡೆಯ ಹತ್ತಿರ ಹೋಗಿ ಒಂದು ಇಟ್ಟಿಗೆ ಎತ್ತಿಕೊಂಡ. "ಮುಟ್ಬೇಡ ಕಣಪ್ಪ, ಬಟ್ಟೆ ಕೊಳೆಯಾಯ್ತದೆ," ಎಂದು ಅವಳು ಒಳಗಿನಿಂದಲೇ ಕೂಗಿದಳು. ಇಟ್ಟಿಗೆ ಕೆಳಗಿಟ್ಟು ಬಂದು ಚಾಪೆಯ ಮೇಲೆ ಕೂತ.

ಮಧ್ಯಾಹ್ನ ಎಲೆ ಹಾಕಿದಳು. ಕೂಲಿಯವರಿಗೆ ಆಚೆ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಶಿವರಾಜುವಿಗೆ ಅನ್ನ, ತಿಳಿಸಾರು, ಕರಿದ ಹಪ್ಪಳ, ಶಾವಿಗೆ ಪಾಯಸ. ಆ ಮನೆಯ ಮುದ್ದೆ ಅವನಿಗೆ ಬೇಕಾಗಿತ್ತು. ಕೇಳಲು ಬಾಯಿ ಬರಲಿಲ್ಲ.

ಉಣ್ಣುತ್ತ ಕೂತ ಜಾಗದಿಂದ ಗೋಡೆ ನೇರ ಕಣ್ಣಿಗೆ ಬೀಳುತ್ತಿತ್ತು. ಬಲಗಡೆಯ ಮೂಲೆ ಎರಡು ಬೆರಳಿನಷ್ಟು ಹೊರಕ್ಕೆ ವಾಲಿತ್ತು. ಕಟ್ಟುತ್ತಿದ್ದವರು ತೂಗುಗುಂಡು ಇಳಿಬಿಟ್ಟು ನೇರ ನೋಡಿರಲೇ ಇಲ್ಲ. ಎರಡು ಮಳೆಗೆ ನಿಲ್ಲುವ ಗೋಡೆಯಲ್ಲ. ಅವನ ತೂಗುಗುಂಡು ಪಕ್ಕದ ಚೀಲದಲ್ಲೇ ಇತ್ತು.

"ಅತ್ತೆ, ಆ ಗೋಡೆ..."

"ಪಾಯ್ಸ ಬುಡ್ಲಾ?" ಅಂದು ಅವಳು ಇನ್ನೊಂದು ಸೌಟು ಬಿಟ್ಟಳು.

ಅವನು ಉಂಡ. ಉಂಡು ಮುಗಿಸಿ ಎಂದಿನಂತೆ ಎಲೆಗೆ ಕೈ ಹಾಕಿ ಎತ್ತಲು ಹೋದ. ಪುಟ್ಟಮಾದಮ್ಮ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಬಿಡಿಸಿದಳು.

"ಬುಡು ಮಗ. ನೆಂಟ್ರು ಎಲೆ ಎತ್ಬಾರ್ದು."